ಬಲಗಡೆ ಹೃದಯದವನ ಎಡಗಡೆ ಹರ್ನಿಯಾ

ಶಹಾಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟು ವರ್ಷ ನಾನು ನಗದೆ ಮನೆಗೆ ಹೋದ ದಿನ ಕಡಿಮೆ. ಆದರೆ ಒಬ್ಬನೇ ರೋಗಿ ಮತ್ತೆ ಮತ್ತೆ ನಗಿಸಿದ್ದು ಇದೊಂದೇ ಸಲ. ಕಾಲುವೆ ನೀರು ಬಂದು ಎಲ್ಲೆಡೆ ಭತ್ತವಾದ ಮೇಲೆ, ಚೀಲ ಹೊರುವವರ ತೊಡೆಸಂದಿನಲ್ಲಿ ಹರ್ನಿಯಾ ಉಬ್ಬುವುದು ಮಾಮೂಲಾಗಿತ್ತು. ದೋರನಹಳ್ಳಿಯ ಈ ಹಮಾಲನದು ಎಡಗಡೆಯ ಹರ್ನಿಯಾ.

೧. ಸದ್ದಿಲ್ಲದ ಎದೆ

ಆಪರೇಷನ್‌ಗೆ ಮುಂಚೆ ಅವನ ಎದೆಯ ಎಡಕ್ಕೆ ಸ್ಟೆತಾಸ್ಕೋಪ್ ಇಟ್ಟೆ. ಬಡಿತ ಕೇಳಲಿಲ್ಲ. ಒರೆಸಿ ಇಟ್ಟೆ, ಒತ್ತಿ ಇಟ್ಟೆ. ಬಿಳಿಚಿದ ನನ್ನ ಮುಖ ನೋಡಿ ಅವನು ಮೆಲ್ಲಗೆ ಕೇಳಿದ: “ಸಿಸ್ಟರ್, ನಾ ಇದ್ದೀನಲ್ರಿ?”

೨. ಮೂರು ಫಿಲ್ಮು

ಎಕ್ಸ್‌ರೇಯಲ್ಲಿ ಹೃದಯ ಬಲಕ್ಕಿತ್ತು. “ಫಿಲ್ಮ್ ಉಲ್ಟಾ ಹಿಡದೀಯಲ್ಲೋ!” ಎಂದು ಎಕ್ಸ್‌ರೇ ತೆಗೆಯುವವನ ಮೇಲೆ ಹರಿಹಾಯ್ದೆ. ಪಾಪ, ಮೂರು ಸಲ ತೆಗೆದ.

ಆಪರೇಷನ್ ಮಾಡುವ ನಮ್ಮ ಡಾಕ್ಟರಮ್ಮ ಬಂದರು. ಯಾರನ್ನೂ ಬೈಯಲಿಲ್ಲ, ಸ್ಟೆತಾಸ್ಕೋಪನ್ನು ಬಲಕ್ಕೆ ಇಟ್ಟರು. “ಇಲ್ಲಿ ಅದ ನೋಡವ್ವ. ಹುಟ್ಟಿದಾಗಿಂದ ಇವನ ಒಳಗಿಂದೆಲ್ಲಾ ಎಡ ಬಲಕ್ಕ, ಬಲ ಎಡಕ್ಕ ಆಗ್ಯಾದ. ಭಾಳ ಅಪರೂಪ.” ನಾವು ಅರ್ಧ ದಿನ ಒದ್ದಾಡಿದ್ದನ್ನು ಅವರು ಒಂದೇ ನಿಮಿಷದಲ್ಲಿ ಹಿಡಿದಿದ್ದರು. ಎಕ್ಸ್‌ರೇಯವನು ಮೂರೂ ಫಿಲ್ಮು ನನ್ನ ಕೈಗಿಟ್ಟ: “ತಗೋರಿ, ಮನ್ಯಾಗ ಗ್ವಾಡಿಗಿ ಹಾಕ್ರಿ.”

೩. ಪರದೆಯಾಚೆಯ ಸಲಹೆ

ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಆಪರೇಷನ್ ಹೊತ್ತಿನಲ್ಲಿ ಅವನಿಗೆ ಎಚ್ಚರವಿತ್ತು. ಹರ್ನಿಯಾ ಬಿಡಿಸಿದರೆ ಒಳಗೆ ಅಪೆಂಡಿಕ್ಸ್! “ನೋಡ್ರಿ, ಎಲ್ಲಾರಿಗೂ ಬಲಕ್ಕಿರೋದು ಇವಗ ಎಡಕ್ಕ ಇಳದದ,” ಎನ್ನುತ್ತಲೇ ಡಾಕ್ಟರಮ್ಮ ಅದನ್ನು ಮೆತ್ತಗೆ ಹೊಟ್ಟೆಯೊಳಕ್ಕೆ ಸೇರಿಸಿದರು. ಬೆರಳು ಒಂದಿಷ್ಟೂ ತಡವರಿಸಲಿಲ್ಲ. ಅಂಥ ಕೈ ನಾನು ಇನ್ನೊಬ್ಬರಲ್ಲಿ ಕಂಡಿಲ್ಲ.

ಅವನ ಎದೆಗೆ ಅಡ್ಡ ಕಟ್ಟಿದ್ದ ಪರದೆಯಾಚೆಯಿಂದ ಅವನ ದನಿ ಬಂತು: “ಅಮ್ಮಾರ, ಹ್ಯಾಂಗೂ ಬಿಚ್ಚೀರಿ. ಎಲ್ಲಾ ಆಯಾ ಜಾಗಕ್ಕ ಇಟ್ಟು ಹೊಲದಬಿಡ್ರಿ.”

“ಬ್ಯಾಡ ತಮ್ಮಾ. ನಲವತ್ತು ವರ್ಷ ಜಗಳಿಲ್ದ ಕೂಡಿ ಬಾಳ್ಯಾವ. ಇರ್ಲಿ.”

೪. ಚೀಟಿ

ಮನೆಗೆ ಕಳಿಸುವಾಗ ಡಾಕ್ಟರಮ್ಮ, ಇವನ ಹೃದಯ ಬಲಕ್ಕಿದೆ ಎಂದು ಚೀಟಿ ಬರೆದುಕೊಟ್ಟರು. “ಸದಾ ಕಿಸೇದಾಗ ಇರ್ಲಿ. ನಾಳೆ ಎಲ್ಲೆರ ಎಚ್ಚರ ತಪ್ಪಿ ಬಿದ್ದಿ, ಬ್ಯಾರೆ ಡಾಕ್ಟರಿಗೆ ಇದು ತಿಳೀಲಿಲ್ಲಂದ್ರ ಜೀವಕ್ಕ ಕುತ್ತು.”

ಅವನ ಹೆಂಡತಿಗೆ ಅಳುವೇ ಬಂತು. “ಚೀಟಿ ಹ್ಯಾಂಗ ಉಳೀತದ್ರಿ? ಇವರು ಅಂಗಿ ಸಮೇತ ಕಾಲುವ್ಯಾಗ ಜಿಗೀತಾರ!”

ತಿಂಗಳ ಮೇಲೆ ಅವಳೇ ಅವನನ್ನು ಎಳೆದುಕೊಂಡು ಬಂದಳು. “ತೋರಸ್ರಿ,” ಎಂದು ಅಂಗಿ ಬಿಚ್ಚಿಸಿದಳು. ಹಚ್ಚೆ ಹಾಕುವವಳನ್ನು ಮನೆಗೇ ಕರೆಸಿದ್ದಳಂತೆ. ಎದೆಯ ಎಡಗಡೆ ದಪ್ಪ ಅಕ್ಷರ: “ಇಲ್ಲಿ ಇಲ್ರಿ. ಆ ಕಡಿ ನೋಡ್ರಿ.”

ಡಾಕ್ಟರಮ್ಮನೂ ನಾನೂ ಆ ಕಡೆ ನೋಡಿದೆವು. ಅಲ್ಲಿ ಅವಳ ಹೆಸರಿತ್ತು.

“ಗುರ್ತಿಗಿ ಇರ್ಲಿ ಅಂತ್ರಿ,” ಅಂದಳು.