ರಾಹುಕಾಲಕ್ಕೆ ಮುಂಚೆ ಕೊಂಡ ಚರ್ಚಿನ ಛಾವಣಿ

ನೆದರ್‌ಲ್ಯಾಂಡ್ಸ್‌ನಲ್ಲಿ ಮನೆ ಕೊಳ್ಳಹೊರಟವರು ಹೇಳಿದ ಬೆಲೆಯ ಮೇಲೆ ಇನ್ನಷ್ಟು ಸುರಿದು, ಆಮೇಲೂ ಮನೆ ಸಿಗದೆ ಸಪ್ಪೆ ಮುಖ ಹಾಕಿಕೊಂಡು ಬರುತ್ತಾರೆ. ನನಗೆ ಮಾತ್ರ ಹೇಳಿದ ಬೆಲೆಗೇ ಸಿಕ್ಕಿತು! ಐಂಡ್‌ಹೋವನ್‌ನ ಹೊರಗೆ, ಹಳೆಯ ಚರ್ಚೊಂದಕ್ಕೆ ಅಂಟಿಕೊಂಡ ಇಟ್ಟಿಗೆ ಮನೆ. ಪೂರ್ವಕ್ಕೆ ಬಾಗಿಲು, ಆಗ್ನೇಯಕ್ಕೆ ಅಡುಗೆಮನೆ. ಇಂಥ ಮನೆಯನ್ನು ಡಚ್ಚರೆಲ್ಲ ನೋಡಿ ನೋಡಿ ಯಾಕೆ ಬಿಟ್ಟು ಹೋದರು ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಪಾಪ, ಅವರಿಗೆ ವಾಸ್ತು ಗೊತ್ತಿಲ್ಲ ಎಂದುಕೊಂಡೆ.

ನನ್ನ ಹೆಂಡತಿ ರಶ್ಮಿಗೆ ಬೇಕಾಗಿದ್ದುದು ಒಂದೇ: ನಿರ್ಭಯವಾಗಿ ಒಗ್ಗರಣೆ ಹಾಕಬಹುದಾದ ಅಡುಗೆಮನೆ. ಬಾಡಿಗೆ ಫ್ಲಾಟಿನಲ್ಲಿ ಸಾಸಿವೆ ಸಿಡಿಯುವ ಮೊದಲೇ ಹೊಗೆಯ ಅಲಾರಂ ಕಿರುಚುತ್ತಿತ್ತು. ಮೆಣಸಿನಕಾಯಿ ಹಾಕಿದರಂತೂ ಮುಗಿದೇ ಹೋಯಿತು, ಪಕ್ಕದವರು ಬಂದು ಬಾಗಿಲು ತಟ್ಟುತ್ತಿದ್ದರು. ಹೊಸ ಮನೆಯ ಹಳೆಯ ಅಡುಗೆಮನೆಯನ್ನು ಒಡೆಸಿ, ದೊಡ್ಡದೊಂದು ಚಿಮ್ನಿ ಕೂರಿಸಲು ದುಡ್ಡು ಎತ್ತಿಟ್ಟಿದ್ದೆವು. ರಶ್ಮಿ ಚಿಮ್ನಿಯ ಫೋಟೋವನ್ನು ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದಳು. ಅದಕ್ಕೆ ಮುಂಚೆ ಅಲ್ಲಿ ನನ್ನ ಫೋಟೋ ಇತ್ತು.

ಮನೆ ನಮ್ಮ ಹೆಸರಿಗೆ ಆಗುವುದು ನೋಟರಿಯ ಕಚೇರಿಯಲ್ಲಿ. ಅವರು ಕೊಟ್ಟ ಹೊತ್ತು ಜೂನ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಮೈಸೂರಿನಿಂದ ತಂದ ಪಂಚಾಂಗ ತೆಗೆದು ನೋಡಿದೆ. ಹತ್ತೂವರೆಗೆ ರಾಹುಕಾಲ! ಅಷ್ಟರೊಳಗೆ ಸಹಿ ಬೀಳಲೇಬೇಕು ಎಂದು ತೀರ್ಮಾನಿಸಿದೆ.

ನೋಟರಿಯಮ್ಮನೋ, ಸತ್ಯನಾರಾಯಣ ಕಥೆಯ ಐದೂ ಅಧ್ಯಾಯಗಳನ್ನು ಕೇಳಿಸಿಯೇ ಪ್ರಸಾದ ಕೊಡುವವರ ಹಾಗೆ ಕೂತಿದ್ದರು. ಅವರು ಡಚ್ಚಿನಲ್ಲಿ ಓದುವುದು, ದುಭಾಷಿ ಅದನ್ನು ನಿಧಾನವಾಗಿ ಇಂಗ್ಲಿಷಿಗೆ ತಿರುಗಿಸುವುದು. ನನ್ನ ಕಣ್ಣು ಗೋಡೆ ಗಡಿಯಾರದ ಮೇಲೆ.

"ಮೇಡಂ, ಇದೆಲ್ಲ ಮನೆಯಲ್ಲೇ ಓದಿದ್ದೇವೆ. ಮುಂದಕ್ಕೆ ಹೋಗೋಣ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಓದಿರಲಿಲ್ಲ.

"ಆದರೆ ಈ ಭಾಗ ಮುಖ್ಯ," ಎಂದರು ಅವರು.

ರಶ್ಮಿ ಮೊಣಕೈಯಿಂದ ತಿವಿದಳು. "ರೀ, ಸ್ವಲ್ಪ ಕೇಳ್ರೀ. ಏನೋ ಚರ್ಚ್ ಅಂತಿದ್ದಾರೆ."

"ಪಕ್ಕದಲ್ಲಿ ಚರ್ಚ್ ಇದೆ ಅಂತಿದ್ದಾರೆ ಕಣೇ. ಅಷ್ಟು ದೊಡ್ಡದು ನಮಗೆ ಕಾಣಲ್ವಾ?"

ಎಲ್ಲ ಅರ್ಥವಾಯಿತೇ ಎಂದು ನೋಟರಿಯಮ್ಮ ಕೇಳಿದರು. "ಪರ್ಫೆಕ್ಟ್ಲಿ!" ಎಂದೆ. ರಾಹು ಇನ್ನೂ ಹೊಸಿಲಾಚೆ ಇರುವಾಗಲೇ ಸಹಿ ಹಾಕಿ ಬೀಗಿದೆ.

ಹಾಲುಕ್ಕಿಸಿದ ಮರುದಿನ ಪಕ್ಕದ ಮನೆಯ ಹೆಂಕ್ ಬಂದರು. ಎಪ್ಪತ್ತು ದಾಟಿದವರು, ಚರ್ಚಿನ ಬೀಗದ ಕೈ ಅವರ ಬಳಿಯೇ ಇರುವುದು. ಕೈಯಲ್ಲಿ ಹೂವಿನ ಗುಚ್ಛ, ಭುಜದ ಮೇಲೆ ಏಣಿ.

"ಸ್ವಾಗತ! ನಮ್ಮ ಛಾವಣಿ ಯಾವಾಗ ಶುರು ಮಾಡ್ತೀರಿ?"

ಸಂಗತಿ ಇಷ್ಟು. ನಮ್ಮದು ಒಂದು ಕಾಲದಲ್ಲಿ ಚರ್ಚಿನ ಗಂಟೆ ಬಾರಿಸುವವನ ಮನೆ. ಅದರಲ್ಲಿ ಯಾರು ಇರುತ್ತಾರೋ ಅವರೇ ಚರ್ಚಿನ ಉತ್ತರ ಮಗ್ಗುಲಿನ ಛಾವಣಿಯನ್ನು ದುರಸ್ತಿ ಮಾಡಿಸಬೇಕು ಎಂಬ ಕಟ್ಟಳೆ, ಮನೆ ಕೈ ಬದಲಾದಂತೆಲ್ಲ ಪತ್ರದಿಂದ ಪತ್ರಕ್ಕೆ ಬಂದು, ಕೊನೆಗೆ ನನ್ನ ಕೊರಳಿಗೆ ಬಿದ್ದಿತ್ತು. ಛಾವಣಿ ಆಗಲೇ ಸೋರುತ್ತಿತ್ತು.

"ಹಾಗಾದರೆ ನಮ್ಮ ಅಡುಗೆಮನೆ?" ಎಂದಳು ರಶ್ಮಿ.

"ನೀನು ಸುಮ್ನಿರು. ಎರಡು ಹೆಂಚು ತಾನೆ? ನಾನೇ ಮುಗಿಸ್ತೀನಿ," ಎಂದೆ.

ಚಿಪ್ ಮಾಡುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವವನು ನಾನು. ಸೋರಿಕೆ ಒಂದು ಲೆಕ್ಕವೇ? ಶನಿವಾರ ಅಂಗಡಿಯಿಂದ ನೀಲಿ ಟಾರ್ಪಾಲು ತಂದು, ಹೆಂಕ್ ಅವರ ಏಣಿಯನ್ನೇ ಏರಿ, ಹೊದಿಸಿ ಬಿಗಿದೆ. ಬಿಗಿಯುವಾಗ ಕಾಲಡಿಯಲ್ಲಿ ಏನೋ ಚಟಚಟ ಎಂದಿತು. ಕೇಳಿಸದವನಂತೆ ಇಳಿದೆ.

ಭಾನುವಾರ ಗಾಳಿ ಬೀಸಿತು. ಡಚ್ ಗಾಳಿ! ಒಳಗೆ ಪ್ರಾರ್ಥನೆ ನಡೆಯುತ್ತಿದ್ದರೆ ಮೇಲೆ ಟಾರ್ಪಾಲು ಪಟಪಟ ಹೊಡೆದುಕೊಂಡಿತು, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ. ಪ್ರಾರ್ಥನೆ ಮುಗಿಸಿ ಹೊರಬಂದವರೆಲ್ಲ ಮೊದಲು ಛಾವಣಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸೋಮವಾರ ಪುರಸಭೆಯ ಮಹಿಳೆಯೊಬ್ಬರು ಸೈಕಲ್ ಏರಿ ಬಂದರು. ಇದು ರಕ್ಷಿತ ಕಟ್ಟಡ, ನೀಲಿ ಟಾರ್ಪಾಲು ಕೂಡದು, ಮೊದಲಿನಂಥದೇ ಕಲ್ಲಿನ ಹೆಂಚು, ಅದನ್ನು ಕೂರಿಸಲು ಬಲ್ಲ ಕೆಲಸಗಾರರೇ ಬೇಕು ಎಂದು ನಗುನಗುತ್ತಲೇ ವಿವರಿಸಿದರು. ಟಾರ್ಪಾಲು ತೆಗೆದಾಗ ಚಟಚಟದ ಫಲವೂ ಕಣ್ಣಿಗೆ ಬಿತ್ತು. ಅಂಗೈಯಗಲದ ತೂತಿದ್ದ ಕಡೆ ಈಗ ಹೆಂಕ್ ತಲೆ ತೂರಿಸಿ ನೋಡಬಹುದಾಗಿತ್ತು. ತೂರಿಸಿ ನೋಡಿದರು ಕೂಡ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಚಿಮ್ನಿಯ ದುಡ್ಡು ಚರ್ಚಿನ ಮೇಲೇರಿತು. ರಶ್ಮಿ ಬೈಯಲಿಲ್ಲ. ಫೋನಿನ ವಾಲ್‌ಪೇಪರ್ ಬದಲಿಸಿದಳು, ಅಷ್ಟೆ. ಅಲ್ಲಿಗೆ ನಾನು ವಾಪಸು ಬರಲಿಲ್ಲ, ಒಂದು ಹೂಕುಂಡ ಬಂತು. ಬೈದಿದ್ದರೆ ನನಗೆ ಎಷ್ಟೋ ಹಾಯಾಗಿರುತ್ತಿತ್ತು.

ಮನೆ ನೋಡಬೇಕೆಂದು ಮೈಸೂರಿನಿಂದ ಮಾವ ವಿಡಿಯೋ ಕಾಲ್ ಮಾಡಿದರು. ನನಗೂ ಒಂದಿಷ್ಟು ಸಮಾಧಾನ ಬೇಕಿತ್ತು.

"ಏನೇ ಆದ್ರೂ ಮಾವ, ರಾಹುಕಾಲ ಬರೋಕೆ ಮುಂಚೆ ಸಹಿ ಹಾಕಿದ್ದೀನಿ. ಹತ್ತೂವರೆ ಆಗೋಕೆ ಬಿಡಲಿಲ್ಲ."

ಮಾವ ಕನ್ನಡಕ ಸರಿಮಾಡಿಕೊಂಡರು. "ಹತ್ತೂವರೆ ಮೈಸೂರಿಗೆ ಕಣ್ರೀ ಅಳಿಯಂದ್ರೆ. ರಾಹುಕಾಲ ಆಯಾ ಊರಿನ ಸೂರ್ಯೋದಯ, ಹಗಲಿನ ಉದ್ದದ ಮೇಲಲ್ವಾ? ನಿಮ್ಮಲ್ಲಿ ಜೂನಲ್ಲಿ ರಾತ್ರಿ ಹತ್ತರ ತನಕ ಬೆಳಕಿರತ್ತೆ ಅಂತೀರಿ. ಹಾಗಾದ್ರೆ ಹನ್ನೊಂದೂವರೆ ದಾಟಿದ ಮೇಲೇ ರಾಹುಕಾಲ. ಆರಾಮಾಗಿ ಕೂತು ಎಲ್ಲಾ ಕೇಳಿಸಿಕೊಂಡು ಸಹಿ ಹಾಕಬಹುದಿತ್ತು!"

ರಶ್ಮಿ ನನ್ನತ್ತ ತಿರುಗಿಯೂ ನೋಡದೆ ಅಡುಗೆಮನೆಗೆ ಹೋದಳು. ಎಣ್ಣೆ ಕಾಯಿತು, ಸಾಸಿವೆ ಬಿತ್ತು, ಅಲಾರಂ ಕಿರುಚಿತು.

"ರೀ, ಬನ್ನಿ!"

ಓಡಿದೆ. ಸ್ಟೂಲ್ ಹತ್ತಿ ಅಲಾರಂ ಕೆಳಗೆ ನಿಂತು, ಕೈಗೆ ಸಿಕ್ಕ ಪಂಚಾಂಗದಿಂದಲೇ ರಪರಪ ಗಾಳಿ ಬೀಸತೊಡಗಿದೆ. ಕಿಟಕಿಯಾಚೆ ಚರ್ಚಿನ ಹೊಸ ಛಾವಣಿ ಥಳಥಳ ಹೊಳೆಯುತ್ತಿತ್ತು. ಒಂದು ಹನಿಯೂ ಸೋರುವುದಿಲ್ಲವಂತೆ. ನಮ್ಮ ಮನೆಗೆ ಮಾತ್ರ ಸದ್ಯಕ್ಕೆ ನಾನೇ ಚಿಮ್ನಿ!