ದಕ್ಷಿಣ ಗಂಗೋತ್ರಿಯ ತೀರ್ಥ

ಮನೆಯಿಂದ ಒಬ್ಬರು ದೂರ ಹೊರಟರೆ ಸಾಕು, ಊರಲ್ಲಿ ಉಳಿದವರ ಬಾಯಿಂದ ತಮಾಷೆಯ ಮಾತುಗಳು ಬರುತ್ತಲೇ ಇರುತ್ತವೆ. ಎಲ್ಲರೂ ನಕ್ಕು ಮರೆಯುತ್ತಾರೆ, ನಾನು ಬರೆದಿಡುತ್ತೇನೆ. ನಂಜನಗೂಡಿನ ನಮ್ಮ ಬೀದಿಯಲ್ಲಿ ಮೊದಲು ಬಿ.ಎಸ್ಸಿ. ಪಾಸಾದ ಹೆಂಗಸು ನಾನೇ. ಅಂದು ಲ್ಯಾಬ್ ರೆಕಾರ್ಡ್ ಬರೆದ ಕೈ ಇನ್ನೂ ನಿಂತಿಲ್ಲ. ಮನೆಯಲ್ಲಿ ನಡೆದದ್ದೆಲ್ಲ ದಿನ, ಹೊತ್ತು ಸಮೇತ ಒಂದು ಉದ್ದ ನೋಟ್‌ಬುಕ್ಕಿನಲ್ಲಿದೆ. ಅದರಲ್ಲಿ ನಾನು ಸುಳ್ಳು ಬರೆದವಳಲ್ಲ. ಮೊಮ್ಮಗಳು ಯೂನಿವರ್ಸಿಟಿ ತಂಡದ ಜೊತೆ ಅಂಟಾರ್ಕ್ಟಿಕಾಕ್ಕೆ ಹೋಗಿದ್ದ ತಿಂಗಳುಗಳ ಕೆಲವು ಪುಟ ಇಲ್ಲಿವೆ.

೧. ಸ್ಟೇಷನ್

ಮೊಮ್ಮಗಳ ಪಾಸ್‌ಪೋರ್ಟ್ ವಿಚಾರಣೆಗೆ ಒಬ್ಬ ಕಾನ್‌ಸ್ಟೇಬಲ್ ಬಂದಿದ್ದರು. ಕಾಫಿ ಕುಡಿದು ಕಾಗದ ಬಿಡಿಸಿದರು.

"ಹೋಗ್ತಿರೋದು ಎಲ್ಲಿಗೆ ಮೇಡಂ?"

"ಅಂಟಾರ್ಕ್ಟಿಕಾ."

"ಅದು ದುಬೈ ಸೈಡಾ?"

"ಇನ್ನೂ ಕೆಳಗೆ. ಭೂಮಿಯ ತುದಿ."

"ಉಳ್ಕೊಳ್ಳೋದು? ಹೋಟ್ಲಾ, ನೆಂಟರ ಮನೆಯಾ?"

"ಎರಡೂ ಇಲ್ಲ. ಪೂರ್ತಿ ಸ್ಟೇಷನ್‌ನಲ್ಲೇ. ಹಡಗು ಬರೋವರೆಗೂ ಬಿಡಲ್ಲ."

ಅವರು ಬರೆಯುವುದನ್ನು ನಿಲ್ಲಿಸಿ, ಒಳಗಿದ್ದ ಹುಡುಗಿಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಏನು ಕೇಸು ಮೇಡಂ?"

೨. ಬಾಕಿ ಇದ್ದ ಯಾತ್ರೆ

ನಮ್ಮ ಯಜಮಾನರ ಅಕ್ಕ ಮೂಗೂರಿನಲ್ಲಿದ್ದರು. ನನಗೆ ಅತ್ತಿಗೆ, ಮೊಮ್ಮಗಳಿಗೆ ದೊಡ್ಡಜ್ಜಿ. ಓದು ಬರಹ ಇಲ್ಲ. ಸ್ಕೂಲಿಗೆ ಸೇರುವವರೆಗೂ ಮೊಮ್ಮಗಳು ಬೆಳೆದದ್ದು ಅವರ ಮಡಿಲಲ್ಲೇ. ಹೊರಡುವ ಮುಂಚೆ ಹೇಳಿ ಬರೋಣವೆಂದು ಇಬ್ಬರೂ ಬಸ್ ಹತ್ತಿ ಹೋದೆವು.

ಅಲ್ಲಿ ಏನಿದೆ ಎಂದು ಅತ್ತಿಗೆ ಕೇಳಿದರು. ಬರೀ ಹಿಮ, ಹಿಂದೆ ನಮ್ಮ ದೇಶದವರು ಅಲ್ಲಿ ಕಟ್ಟಿದ ಮೊದಲ ಠಾಣೆಗೆ ದಕ್ಷಿಣ ಗಂಗೋತ್ರಿ ಎಂದು ಹೆಸರಿತ್ತು ಎಂದಳು ಹುಡುಗಿ. ಅಷ್ಟೇ ಸಾಕಾಯಿತು.

"ನಂಜನಗೂಡು ದಕ್ಷಿಣ ಕಾಶಿ, ನೋಡಿವ್ನಿ. ತಿರುಮಕೂಡ್ಲು ದಕ್ಷಿಣ ಪ್ರಯಾಗ, ಮುಳುಗಿವ್ನಿ. ಗಂಗೋತ್ರಿ ಒಂದ್ ಬಾಕಿ ಇತ್ತು. ಅದೂ ದಕ್ಷಿಣದಲ್ಲೇ ಅದೆ ಅಂತ ಇಷ್ಟು ದಿನ ಯಾರೂ ಯೇಳ್ನಿಲ್ವಲ್ಲ!"

ಎದ್ದು ಹೋಗಿ ಒಂದು ಸಣ್ಣ ಹಿತ್ತಾಳೆ ಗಿಂಡಿ ತಂದು ಅವಳ ಕೈಗಿಟ್ಟರು. "ತೀರ್ಥ ತುಂಬ್ಕೊಂಡು ಬಾ ಮಗಾ. ನಾನ್ ಓಗೋ ಒತ್ತಿಗೆ ಒಂದ್ ಗುಟುಕು ಬಾಯಿಗ್ ಬಿದ್ರೆ ಸಾಕು."

ವಿಜ್ಞಾನ ಓದಿದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ತತ್ತೀನಿ ದೊಡ್ಡಜ್ಜಿ," ಎಂದುಬಿಟ್ಟಳು ಹುಡುಗಿ. ನಾವು ಅಂಗಳ ದಾಟುವಷ್ಟರಲ್ಲಿ ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಕೇಳಿದಳು: "ಅಲ್ಲಿ ಮುಡಿ ಕೊಡಕ್ಕೆ ಅನ್ಕೂಲ ಅದಾ?"

೩. ಪಾಚಿ

ಮೊಮ್ಮಗಳು ಓದುತ್ತಿರುವುದು ಪಾಚಿಯನ್ನು. ಅಲ್ಲಿನ ಬಂಡೆಗಳ ಮೇಲೆ ಅಷ್ಟು ಚಳಿಯಲ್ಲೂ ಅದು ಹೇಗೆ ಬದುಕುತ್ತದೆಂದು ನೋಡಲು ಹೋಗಿದ್ದಾಳೆ ಎಂದು ನಾನು ಹೆಮ್ಮೆಯಿಂದ ವಿವರಿಸಿದ್ದೆ. ಅತ್ತಿಗೆ, "ಅದುಕ್ಕೆ ಅಷ್ಟ್ ದೂರ ಓಗ್ಬೇಕಾ? ನಮ್ ಇತ್ಲಲ್ಲಿ ಬೇಕಾದಂಗೆ ಅದೆ, ಬಗ್ಗಿ ನೋಡ್ಲಿ," ಎಂದಿದ್ದರು.

ಅವಳು ಹೋಗಿ ತಿಂಗಳಾಗಿತ್ತು. ಅತ್ತಿಗೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿಗೆ ಆಪರೇಷನ್ ತಡೆಯುವುದಿಲ್ಲ ಎಂದರು ಡಾಕ್ಟರು. ನಮ್ಮ ಮನೆಗೆ ಕರೆತಂದು ನಡುಮನೆಯಲ್ಲಿ ಮಲಗಿಸಿದೆವು. ಅವರು ಅಳಲಿಲ್ಲ.

"ನೋಡಮ್ಮಿ," ಎಂದರು, "ಅವ್ಳು ಪಾಚಿ ಉಡುಕ್ಕೊಂಡು ಅಷ್ಟ್ ದೂರ ಓದ್ಲು. ಪಾಚಿ ನನ್ ಉಡುಕ್ಕೊಂಡು ಇಲ್ಲಿಗೇ ಬಂತು."

೪. ಊಟ ಆಯ್ತಾ

ಭಾನುವಾರ ಮೊಮ್ಮಗಳ ಫೋನ್ ಬರುತ್ತಿತ್ತು. ಬಿದ್ದ ವಿಷಯ ಹೇಳಕೂಡದು ಎಂದು ಅತ್ತಿಗೆ ನನ್ನಿಂದ ಭಾಷೆ ತೆಗೆದುಕೊಂಡಿದ್ದರು. "ಯೇಳುದ್ರೆ ಅಡಗು ತಿರುಗಿಸ್ತಾರಾ? ಸುಮ್ನೆ ಮಗಾ ಅತ್ಕೊಂಡ್ ಕೂತ್ಕತದೆ."

ಆ ಫೋನಿನಲ್ಲಿ ಒಂದು ತೊಂದರೆ. ನಾವು ಆಡಿದ ಮಾತು ಅಲ್ಲಿಗೆ ಮುಟ್ಟಿ, ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು. ಅತ್ತಿಗೆಗೆ ಅಷ್ಟು ತಾಳ್ಮೆ ಎಲ್ಲಿ?

"ಊಟ ಆಯ್ತಾ ಮಗಾ?"

ಸದ್ದಿಲ್ಲ.

"ಮದ್ವೆ ಗಿದ್ವೆ ಆಯ್ತೀಯೋ ಇಲ್ವೋ?"

ಆಗ ಬಂತು ದನಿ: "ಈಗ ತಾನೆ ಆಯ್ತು ದೊಡ್ಡಜ್ಜಿ. ಎಲ್ಲರದೂ ಒಟ್ಟಿಗೇ."

ಅತ್ತಿಗೆ ಫೋನನ್ನು ನನ್ನ ಕೈಗೆ ಕೊಟ್ಟು, "ಸಾಮೂಹಿಕವಂತೆ. ಖರ್ಚು ಉಳೀತು ಬುಡು," ಎಂದರು. ಅಂದು ನಕ್ಕಿದ್ದೇ ಕೊನೆ, ಆಮೇಲೆ ಅವರಿಗೆ ಜೋರಾಗಿ ನಗಲು ಉಸಿರು ಸಾಲುತ್ತಿರಲಿಲ್ಲ.

೫. ಒಂದು ಚಮಚ

ಜನವರಿಯ ಹೊತ್ತಿಗೆ ಊಟ ಬಿಟ್ಟರು. ಹಡಗು ಬರಲು ಇನ್ನೂ ಎರಡು ತಿಂಗಳಿತ್ತು. ದಿನ ಬೆಳಗ್ಗೆ ಒಂದೇ ಪ್ರಶ್ನೆ: "ಗಿಂಡಿ ಬಂತಾ?"

ಇಲ್ಲ ಎಂದು ಎಷ್ಟು ದಿನ ಹೇಳುವುದು? ಒಂದು ಬೆಳಗ್ಗೆ ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಫ್ರೀಜರಿನಲ್ಲಿದ್ದ ಅವರೆಕಾಳಿನ ಪೊಟ್ಟಣ ಸರಿಸಿ, ಗೋಡೆಗೆ ಕಟ್ಟಿದ್ದ ಹಿಮವನ್ನು ಚಮಚದಲ್ಲಿ ಕೆರೆದುಕೊಂಡೆ. ಕರಗುವವರೆಗೂ ಅಲ್ಲೇ ನಿಂತಿದ್ದೆ.

"ಬಂತು ಅತ್ತಿಗೆ. ಗಂಗೋತ್ರಿ ತೀರ್ಥ."

ಬಾಯಿ ತೆರೆದರು. ನುಂಗಿ, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಒಂದು ಮಾತು ಅಂದರು. ಅದನ್ನು ನಾನು ಬರೆಯಲಿಲ್ಲ. ಆಮೇಲೆ, "ನಿನ್ ಬುಕ್ಕಲ್ಲಿ ಗಂಗೋತ್ರಿ ಅಂತ್ಲೇ ಬರ್ಕೊ. ಮಗಾ ಬಂದು ಓದ್ತದೆ," ಎಂದರು.

ಬರೆದೆ: ಬೆಳಗ್ಗೆ ಏಳು ಗಂಟೆ, ದಕ್ಷಿಣ ಗಂಗೋತ್ರಿ ತೀರ್ಥ, ಒಂದು ಚಮಚ. ಮೂರನೆಯ ದಿನ ಅವರು ಹೋದರು.

ಮೊಮ್ಮಗಳು ಮಾರ್ಚ್‌ನಲ್ಲಿ ಬಂದಳು. ಅಲ್ಲಿಂದ ಸ್ವಂತಕ್ಕೆಂದು ಒಂದು ಹಿಡಿ ಹಿಮವನ್ನೂ ತರುವಂತಿಲ್ಲವಂತೆ. ಖಾಲಿ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು, ದೊಡ್ಡಜ್ಜಿ ಮಲಗಿದ್ದ ಜಾಗದಲ್ಲಿ ಕೂತಳು. "ಒಂದು ಗುಟುಕು ಕೇಳಿದ್ರು ಅಜ್ಜಿ, ಅದೂ ನನ್ನ ಕೈಲಿ ಆಗ್ಲಿಲ್ಲ," ಎಂದಳು. ನಾನು ನೋಟ್‌ಬುಕ್ ತೆಗೆದು ಆ ಪುಟವನ್ನು ಮುಂದೆ ಹಿಡಿದೆ. ಓದಿದಳು. ಇನ್ನೊಮ್ಮೆ ಓದಿದಳು.

"ಇದನ್ನ ಯಾರು ತಂದ್ರು?"

"ನಮ್ಮ ಫ್ರಿಜ್ಜು."

"ದೊಡ್ಡಜ್ಜಿಗೆ ಗೊತ್ತಾಗ್ಲಿಲ್ವಾ?"

"ಒಂದೇ ಗುಟುಕಿಗೆ ಗೊತ್ತಾಯ್ತು."

"ಏನಂದ್ರು?"

ಬರೆಯದೆ ಬಿಟ್ಟಿದ್ದ ಮಾತನ್ನು ಹೇಳಲೇಬೇಕಾಯಿತು.

"‘ಗಂಗೋತ್ರೀಲೂ ಅವರೆಕಾಳು ಬೆಳೀತಾರಾ ಅಮ್ಮಿ?’ ಅಂದ್ರು."