ಪ್ಯಾರಿಸ್‌ನಿಂದ ಲಂಡನ್‌ಗೆ ಎಷ್ಟು ತಾಸು?

‘ಗೊತ್ತಿಲ್ಲ’ ಎನ್ನುವ ಮಾತು ನನ್ನ ಬಾಯಿಂದ ಈವರೆಗೆ ಬಂದಿಲ್ಲ. ಯಾರು ಏನೇ ಕೇಳಲಿ, ಉತ್ತರ ಕೊಟ್ಟೇ ತೀರುತ್ತೇನೆ. ನಾರಾಯಣಗೂಡದಲ್ಲಿ ನನ್ನ ಹತ್ತಿರ ದಾರಿ ಕೇಳಿದವರಲ್ಲಿ ಕೆಲವರು ಈಗಲೂ ನಗರದ ಇನ್ನೊಂದು ತುದಿಯ ಜೀಡಿಮೆಟ್ಲಾದ ಕಡೆ ಸುತ್ತುತ್ತಿರಬಹುದು. ಹಾಗಾಗಿ ಕೆಳಗಿನ ಮನೆಯ ಶಾಂತಾ ಕಾಕು ವಿಮಾನದ ಟಿಕೆಟ್ ಹಿಡಿದು ಮೇಲೆ ಬಂದ ದಿನ ನನಗೆ ಹಬ್ಬ.

ಕಾಕು ಬಿಜಾಪುರದವರು. ಮಹಿಳಾ ಮಂಡಳದ ಜೊತೆ ಯುರೋಪ್ ನೋಡಿ, ಕೊನೆಗೆ ಪ್ಯಾರಿಸ್‌ನಿಂದ ಒಬ್ಬರೇ ಲಂಡನ್‌ಗೆ ಹಾರಿ, ಒಂಬತ್ತು ವರ್ಷದಿಂದ ಕಾಣದ ತಂಗಿ ಸರೋಜಾಳನ್ನು ನೋಡುವವರಿದ್ದರು.

“ತಮ್ಮಾ, ಇದೇನಿದು? ಹತ್ತಕ್ಕ ಹೊಂಟು ಹತ್ತೂಕಾಲಕ್ಕ ಇಳಿತೈತಂತ. ಹದಿನೈದು ನಿಮಿಷದಾಗ ನಾ ಸನತ್‌ನಗರಾನೂ ಮುಟ್ಟಂಗಿಲ್ಲ.”

ದೂರ ಸುಮಾರು ಮುನ್ನೂರೈವತ್ತು ಕಿಲೋಮೀಟರ್, ಇಲ್ಲಿಂದ ನಿಮ್ಮ ಬಿಜಾಪುರಕ್ಕಿಂತ ಹತ್ತಿರ ಎಂದೆ. ಲಂಡನ್ನಿನ ಗಡಿಯಾರ ಪ್ಯಾರಿಸ್ಸಿಗಿಂತ ಹಿಂದೆ ಎಂದು ವಿವರಿಸಿದೆ. ವಿವರಿಸುತ್ತಾ ನನಗೇ ಗೊಂದಲವಾಯಿತು.

“ಅದೆಲ್ಲಾ ಬಿಡಪಾ. ಖರೇ ಎಷ್ಟು ಹೇಳು.”

“ಈ ಹತ್ತೂಕಾಲನ್ನ ನಂಬ್ಕೋಬೇಡಿ ಕಾಕು. ಸರಿಯಾಗಿ ಒಂದು ಗಂಟೆ ಹದಿನೈದು ನಿಮಿಷ.”

ಕಾಕು ಪೆನ್ನು ಕೇಳಿ ಪಡೆದು ಟಿಕೆಟ್ಟಿನ ಮೇಲೆ ಏನೋ ಬರೆದುಕೊಂಡರು. ನನ್ನ ಜ್ಞಾನವನ್ನು ಬರೆದಿಟ್ಟುಕೊಳ್ಳುವವರೂ ಇದ್ದಾರಲ್ಲ ಎಂದು ಎದೆಯುಬ್ಬಿತು.

ಕಾಕು ಹಾರುವ ಭಾನುವಾರ, ಇಲ್ಲಿ ಮಧ್ಯಾಹ್ನ ಎರಡೂವರೆ, ಲಂಡನ್ನಿನಲ್ಲಿ ಬೆಳಿಗ್ಗೆ ಹತ್ತು ಆದಾಗ, ಅವರ ಯಜಮಾನರು, ನಮ್ಮ ಕಾಕಾ, ಎಲೆಯಡಿಕೆ ಮೆಲ್ಲುತ್ತಾ ಬಂದು ಕೂತರು.

“ನಮ್ಮಾಕಿ ಇನ್ನ ಮೂರು ತಾಸಿಗೆ ಇಳಿತಾಳ ನೋಡು.”

“ಇಲ್ಲ ಕಾಕಾ, ಇನ್ನು ಕಾಲು ಗಂಟೆ ಅಷ್ಟೇ.”

“ನೀನ ಹೇಳಿದ್ದಿಯಲ್ಲೋ, ಹತ್ತೂಕಾಲು ಸುಳ್ಳು, ಒಂದೂಕಾಲು ಖರೇ ಅಂತ. ಅದನ್ನ ಹೊಡದು ಹಾಕಿ ಬರಕೊಂಡಾಳ. ಸರೋಜಾಗೂ ಮಧ್ಯಾನ ಒಂದೂಕಾಲಕ್ಕ ಬಾ ಅಂದಾಳ.”

ಆಗ ಹೊಳೆಯಿತು. ಮೈಸೂರಿನವನಾದ ನನಗೆ ಗೋಡೆ ಮೇಲಿನದೂ ಗಂಟೆ, ಕಾಯುವುದೂ ಗಂಟೆ. ಬಿಜಾಪುರದವರಿಗೆ ಗಡಿಯಾರದಲ್ಲಿ ಕಾಣುವುದು ಮಾತ್ರ ಗಂಟೆ, ಕಳೆಯುವ ಹೊತ್ತು ತಾಸು. ಒಂದು ಪದದಲ್ಲಿ ನಾನು ವಿಮಾನವನ್ನು ಮೂರು ತಾಸು ಆಕಾಶದಲ್ಲಿ ನಿಲ್ಲಿಸಿದ್ದೆ.

ಕಾಕುಗೆ ಫೋನ್ ಮಾಡಿದೆವು. ಅವರು ಇನ್ನೂ ಆಕಾಶದಲ್ಲಿ; ಇಳಿದರೂ ಅವರ ಸಿಮ್ ಲಂಡನ್ನಿನಲ್ಲಿ ನಡೆಯುವಂಥದ್ದಲ್ಲ. ಸರೋಜಮ್ಮನವರಿಗೆ ಮಾಡಿದೆವು. ಅಕ್ಕನಿಗೆಂದು ಹೂರಣ ರುಬ್ಬುತ್ತಿದ್ದವರು ಹಾಗೇ ಬಿಟ್ಟು ಓಡಿದರು. ಅವರ ಮನೆಯಿಂದ ವಿಮಾನ ನಿಲ್ದಾಣಕ್ಕೆ ಎರಡು ತಾಸು, ವಿಮಾನಕ್ಕಿಂತ ಹೆಚ್ಚು. ಅಷ್ಟು ಹೊತ್ತು ಕಾಕಾ ಎಲೆಯಡಿಕೆ ಉಗುಳಲೂ ಮರೆತು ಫೋನನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಅಕ್ಕತಂಗಿಯರು ಅಪ್ಪಿಕೊಂಡು ಅಳುತ್ತಿದ್ದ ಫೋಟೋ ಬಂತು. ಕಾಕಾ ಎದ್ದು ಹೋಗಿ ಉಗುಳಿ ಬಂದರು.

ಕಾಕು ಮರಳಿ ಬಂದಾಗ ಬೈಗುಳಕ್ಕೆ ತಯಾರಾಗಿಯೇ ಹೋದೆ.

“ಎರಡು ತಾಸು ಒಂದು ಬಾಕಿನ ಮ್ಯಾಲೆ ಕುಂತೆ,” ಎಂದರು. “ಮೊದಲ ಭಾಳ ಅಂಜಿಕಿ ಬಂತು. ಆಮ್ಯಾಲೆ ಬುತ್ತಿ ಬಿಚ್ಚಿ ರೊಟ್ಟಿ ತಿಂದೆ. ಚಾ ತಾ ಅನ್ನಾವ್ರಿಲ್ಲ, ಕದ ತಗಿ ಅನ್ನಾವ್ರಿಲ್ಲ. ಮದುವಿ ಆದಮ್ಯಾಲೆ ಅಷ್ಟು ಆರಾಮ ನಾ ಎಂದೂ ಕುಂತಿಲ್ಲ ನೋಡು. ರವಿವಾರ ಊಟಕ್ಕ ಬಾ, ಒಂದು ಗಂಟೆಕ್ಕ.”

ಒಂದಕ್ಕೆ ಸರಿಯಾಗಿ ಹೋದೆ. ಒಲೆಯೇ ಹೊತ್ತಿರಲಿಲ್ಲ.

“ಕುಂಡ್ರು,” ಎಂದರು ಕಾಕು. “ನಿನ್ನ ಸಲುವಾಗಿ ನಾ ಎರಡು ತಾಸು ಕುಂತೀನಿ, ನೀ ಒಂದು ಕುಂಡ್ರು.”

ಅವರ ಸೋಫಾದಿಂದ ಅಡುಗೆಮನೆಗೆ ದೂರ ಎಂಟು ಅಡಿ, ಪ್ರಯಾಣದ ಅವಧಿ ಒಂದು ತಾಸು. ಈ ಲೆಕ್ಕವನ್ನು ಯಾರು ಬೇಕಾದರೂ ನನ್ನನ್ನು ಕೇಳಬಹುದು.